ಅತಿಥಿಗೆ ಬಿಚ್ಚಿ ಕೊಟ್ಟ ಬೀಪರ್

ಮನೆಗೆ ಅತಿಥಿ ಬಂದಿದ್ದಾನೆ. ಅವನ ಬೂಟು ಹರಿದಿದೆ. ಏನು ಮಾಡುತ್ತೀರಿ? ನಿಮ್ಮ ಬೂಟು ಕೊಡುತ್ತೀರಿ. ಅವನ ಹತ್ತಿರ ಕೈಗವಸು ಇಲ್ಲ. ನಿಮ್ಮದನ್ನೇ ಕಳಚಿ ಕೊಡುತ್ತೀರಿ. ಒಲೆಯ ಪಕ್ಕದ ಜಾಗ, ದಪ್ಪ ಹಾಸಿಗೆ, ಮಾಂಸದ ಒಳ್ಳೆಯ ತುಂಡು, ಎಲ್ಲವೂ ಅವನಿಗೇ. ನಮ್ಮ ಕಣಿವೆಯಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಇದರಲ್ಲಿ ತಪ್ಪೇನಿದೆ ಅಂತ ಕೇಳುತ್ತೀರಿ. ಇರಿ, ಹೇಳುತ್ತೇನೆ. ಆ ಅತಿಥಿ ನಾನೇ.

ನನ್ನ ಹೆಸರು ಸಗಿನ್. ಹುಟ್ಟಿದ್ದು ಇದೇ ಕಣಿವೆಯ ತಾಶ್-ಬುಲಾಕ್ ಊರಿನಲ್ಲಿ. ಕಲ್ಲಿದ್ದಲ ಗಣಿ ಮುಚ್ಚಿದ ಮೇಲೆ ರಾಜಧಾನಿ ಬಿಷ್ಕೆಕ್‌ಗೆ ಹೋಗಿ ಲಾರಿ ರಿಪೇರಿ ಕಲಿತೆ. ಊರು ಬಿಟ್ಟವನು ಊರಿಗೆ ಬಂದರೆ ಅವನೂ ಅತಿಥಿಯೇ. ಪ್ರತಿ ಚಳಿಗಾಲ ನಾಲ್ಕು ದಿನ ರಜೆ ಹಾಕಿ ಗೆಳೆಯ ಎಲ್ದಿಯಾರ್ ಮನೆಗೆ ಬರುತ್ತೇನೆ. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಓದಿದವರು, ಒಂದೇ ದಂಡಿನಲ್ಲಿ ಸಿಪಾಯಿಗಳಾಗಿದ್ದವರು. ಅವನ ಹೆಂಡತಿ ಬುರುಲ್ ಊರಿನ ಆಸ್ಪತ್ರೆಯ ನರ್ಸು. ಪಕ್ಕದ ಮನೆಯ ಕುರ್ಮಾನ್ ಬಾಯಿಬಡುಕ, ಆದರೆ ಒಳ್ಳೆಯವನು. ನಾವು ನಾಲ್ವರೂ ಸ್ಕೀ ಹಲಗೆಯ ಅಡಿಗೆ ತುಪ್ಪಳದ ಪಟ್ಟಿ ಅಂಟಿಸಿಕೊಂಡು ಬೆಟ್ಟ ಹತ್ತುತ್ತೇವೆ. ತುದಿಯಲ್ಲಿ ಪಟ್ಟಿ ಕಿತ್ತು ಜೇಬಿಗೆ ತುರುಕಿ, ಜಾರಿಕೊಂಡು ಇಳಿಯುತ್ತೇವೆ. ವರ್ಷವಿಡೀ ನಾನು ಕಾಯುವುದು ಆ ನಾಲ್ಕು ದಿನಕ್ಕೆ.

ಹೋದ ವರ್ಷ ಫೆಬ್ರವರಿ. ಎರಡು ದಿನ ಗಾಳಿ ಸಮೇತ ಹಿಮ ಬಿದ್ದು, ಆ ಬೆಳಗ್ಗೆ ಆಕಾಶ ತಿಳಿಯಾಗಿತ್ತು. ಎಲ್ದಿಯಾರ್‌ನ ತಾಯಿ ಉಲ್ಜಾನ್ ಅಮ್ಮ ಹಿಟ್ಟಿನ ತುಂಡುಗಳ ಬಿಸಿ ಬೋರ್ಸೋಕ್ ಕರಿದು ಮೇಜಿನ ತುಂಬ ಸುರಿದಿದ್ದರು. ನಾನು ಚಹಾ ಕುಡಿಯುತ್ತಾ ಚೀಲದಿಂದ ನನ್ನ ಬೀಪರ್ ತೆಗೆದೆ. ಗುಂಡಿ ತಿರುಗಿಸಿದೆ. ಮಿಣುಕಲಿಲ್ಲ. ಹಿಂದಿನ ಮುಚ್ಚಳ ತೆಗೆದರೆ ಒಳಗೆಲ್ಲ ಹಸಿರು ಕಿಲುಬು. ಹಿಂದಿನ ವಸಂತದಲ್ಲಿ ಹಾಕಿದ್ದ ಬ್ಯಾಟರಿ ಅಲ್ಲೇ ಕೂತು, ಸೋರಿ, ತಂತಿಯನ್ನೆಲ್ಲ ತಿಂದುಹಾಕಿತ್ತು. ಊರಿನವರ ಲಾರಿಗಳನ್ನೆಲ್ಲ ರಿಪೇರಿ ಮಾಡುವವನು ನಾನು. ನನ್ನ ಎದೆಗೆ ಕಟ್ಟುವ ಪೆಟ್ಟಿಗೆಯ ಮುಚ್ಚಳವನ್ನು ಹತ್ತು ತಿಂಗಳಿಂದ ತೆಗೆದಿರಲಿಲ್ಲ.

ಬೀಪರ್ ಏನೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅಂಗೈಯಷ್ಟು ಪೆಟ್ಟಿಗೆ ಅದು. ಎದೆಗೆ ಕಟ್ಟಿಕೊಂಡು ಚಾಲೂ ಮಾಡಿದರೆ ಕಿವಿಗೆ ಕೇಳದ ಹಾಗೆ ಕೂಗುತ್ತಲೇ ಇರುತ್ತದೆ. ಯಾರಾದರೂ ಹಿಮದಡಿ ಹೂತುಹೋದರೆ, ಉಳಿದವರು ತಮ್ಮ ಬೀಪರಿನ ಗುಂಡಿಯನ್ನು ಹುಡುಕುವ ಕಡೆಗೆ ತಿರುಗಿಸಿ ಆ ಕೂಗಿನ ಜಾಡು ಹಿಡಿದು ಹೋಗುತ್ತಾರೆ. ಹತ್ತಿರವಾದಂತೆ ಶಬ್ದ ಜೋರಾಗುತ್ತದೆ. ಆಮೇಲೆ ಉದ್ದನೆಯ ಚುಚ್ಚುಗೋಲಿನಲ್ಲಿ ಚುಚ್ಚಿ ನೋಡುವುದು, ಸಲಿಕೆಯಲ್ಲಿ ತೋಡುವುದು. ಹೂತವನ ಎದೆಯ ಮೇಲೆ ಬೀಪರ್ ಇಲ್ಲದಿದ್ದರೆ ಉಳಿದವರ ಕೈಯಲ್ಲಿ ಎಷ್ಟಿದ್ದರೂ ಅವು ಬರೀ ಡಬ್ಬಿ.

ಎಲ್ದಿಯಾರ್ ನನ್ನ ಮುಖ ನೋಡಿದ. ಅಂಗಿಯ ಗುಂಡಿ ಬಿಚ್ಚಿ, ತನ್ನ ಎದೆಗೆ ಕಟ್ಟಿದ್ದ ಬೀಪರ್ ಕಳಚಿ ನನ್ನ ಮುಂದಿಟ್ಟ.

"ತಗೋ, ಕಟ್ಕೋ."

"ಬೇಡ ಕಣೋ. ನಾನು ಇವತ್ತು ಮನೇಲಿರ್ತೀನಿ," ಅಂದೆ.

"ನಾನೂರು ಕಿಲೋಮೀಟರ್ ಬಂದಿರೋದು ನಮ್ಮಮ್ಮನ ಜೊತೆ ಉಣ್ಣೆ ನೂಲೋಕಾ? ಕಟ್ಕೊಳೋ ಸುಮ್ನೆ."

ಬುರುಲ್ ಚಹಾ ಬಗ್ಗಿಸುತ್ತಿದ್ದವಳು ಕೈ ನಿಲ್ಲಿಸಿದಳು. ಕಾರಾಕೋಲ್ ಪಟ್ಟಣದಲ್ಲಿ ಹಿಮಕುಸಿತದ ಬಗ್ಗೆ ಹತ್ತು ದಿನದ ತರಬೇತಿ ಪಡೆದವಳು ನಮ್ಮಲ್ಲಿ ಅವಳೊಬ್ಬಳೇ.

"ರೀ, ನಾಲ್ಕು ಜನ, ಮೂರು ಬೀಪರ್. ಒಂದೋ ಎಲ್ರೂ ಮನೇಲಿರೋಣ, ಇಲ್ಲಾ ಯಾರಾದ್ರೂ ಒಬ್ರು ಉಳೀಲಿ."

"ಯಾರು ಉಳೀಬೇಕು ಹೇಳು. ಅತಿಥೀನ ಕೂರಿಸ್ಬಿಟ್ಟು ನಾನು ಹೋಗ್ಲಾ? ಊರೋರು ಉಗೀತಾರೆ."

"ಊರೋರಿಗೆ ಯಾಕ್ರೀ ಹೇಳ್ಬೇಕು?"

"ಕುರ್ಮಾನ್ ಜೊತೇಲಿ ಬರ್ತಿದ್ದಾನಲ್ಲ, ಬೇರೆ ಹೇಳ್ಬೇಕಾ?"

ಮೇಜಿನ ಆ ತುದಿಯಲ್ಲಿ ಕೂತಿದ್ದ ಕುರ್ಮಾನ್ ಬಾಯ್ತುಂಬ ಬೋರ್ಸೋಕ್ ಇಟ್ಟುಕೊಂಡೇ ನಕ್ಕ. ಉಲ್ಜಾನ್ ಅಮ್ಮ ಕಣ್ಣೆತ್ತಿ ಸೊಸೆಯನ್ನು ನೋಡಿದರು. ಬುರುಲ್ ಸುಮ್ಮನಾದಳು. ಅತ್ತೆಯ ಎದುರು, ಅತಿಥಿಯ ಎದುರು, ಗಂಡನ ಜೊತೆ ಅದಕ್ಕಿಂತ ಹೆಚ್ಚು ವಾದ ಮಾಡುವ ಸೊಸೆ ನಮ್ಮ ಊರಲ್ಲಿ ಇನ್ನೂ ಹುಟ್ಟಿಲ್ಲ.

ನಾನು "ಬೇಡ" ಅಂದದ್ದು ಒಂದೇ ಸಲ. ಎರಡನೇ ಸಲ ಅನ್ನಬಹುದಿತ್ತು. ಕಿಟಕಿಯಾಚೆ ಬೆಟ್ಟ ಬಿಸಿಲಿಗೆ ಹೊಳೆಯುತ್ತಿತ್ತು, ನನ್ನ ರಜೆಯಲ್ಲಿ ಎರಡೇ ದಿನ ಉಳಿದಿತ್ತು, ಒಂದು ದಿನಕ್ಕೆ ಏನಾದೀತು ಅನ್ನಿಸಿತು. ಬೀಪರ್ ತೆಗೆದು ಕಟ್ಟಿಕೊಂಡೆ. ಅವನ ಮೈಯ ಬಿಸಿ ಅದಕ್ಕೆ ಇನ್ನೂ ಅಂಟಿತ್ತು.

ಹೊಸಿಲ ಹತ್ತಿರ ನಿಂತು ಉಲ್ಜಾನ್ ಅಮ್ಮ ಎಂದಿನಂತೆ ಬಾತಾ, ಅಂದರೆ ಹಿರಿಯರ ಹರಕೆ, ಕೊಟ್ಟರು. ಅಂಗೈ ಬಿಡಿಸಿ, "ದಾರಿ ಬೆಳ್ಳಗಿರಲಿ, ಹೋದೋರು ಹೋದ ಹಾಗೇ ಬನ್ನಿ," ಅಂದರು. ನಾವು ಅಂಗೈಯಿಂದ ಮುಖ ಸವರಿಕೊಂಡು "ಓಮೀನ್" ಅಂದೆವು. ಬೇರೆ ದಿನಗಳಲ್ಲಾದರೆ ಅಂಗಳದಲ್ಲಿ ಬುರುಲ್ ಎಲ್ಲರ ಬೀಪರನ್ನೂ ಒಂದೊಂದಾಗಿ ಪರೀಕ್ಷೆ ಮಾಡುತ್ತಿದ್ದಳು. ಅವತ್ತು ಮಾಡಲಿಲ್ಲ. ಮಾಡಿದರೆ ಏನು ಕಾಣುತ್ತದೆ ಅಂತ ನಾಲ್ವರಿಗೂ ಗೊತ್ತಿತ್ತು.

ಎರಡು ಗಂಟೆ ಹತ್ತಿದೆವು. ಮುಂದೆ ಎಲ್ದಿಯಾರ್, ಹಿಂದೆ ನಾನು, ಆಮೇಲೆ ಕುರ್ಮಾನ್, ಕೊನೆಗೆ ಬುರುಲ್. ದೇವದಾರು ಮರಗಳು ಮುಗಿದು ಬಯಲು ಬಂತು. ಅಲ್ಲಿ ನಮ್ಮ ಕಾಲಡಿ "ದುಮ್" ಅಂತ ಒಂದು ಸದ್ದಾಯಿತು. ಯಾರೋ ಗೋಡೆಯಾಚೆ ಮೂಟೆ ಇಳಿಸಿದ ಹಾಗೆ.

"ಕೇಳಿಸ್ತಾ?" ಅಂದಳು ಬುರುಲ್.

"ನನ್ನ ಹೊಟ್ಟೆ ಅದು. ಬೋರ್ಸೋಕ್ ಜಾಸ್ತಿ ಆಯ್ತು," ಅಂದ ಕುರ್ಮಾನ್.

ಬುರುಲ್ ನಗಲಿಲ್ಲ. ಚೀಲ ಇಳಿಸಿ, ಸಲಿಕೆ ತೆಗೆದು ಸೊಂಟದಾಳ ತೋಡಿದಳು. "ಬನ್ನಿ, ನೋಡಿ," ಅಂತ ಕರೆದಳು. ಮೇಲೆ ಗಾಳಿ ತಂದು ಹಾಕಿದ ಗಟ್ಟಿ ಹಿಮ. ಅದರಡಿ ಸಕ್ಕರೆಯಂಥ ಪುಡಿ ಹಿಮ, ಬೆರಳಿಟ್ಟರೆ ಉದುರುತ್ತಿತ್ತು. ಸಲಿಕೆಯಿಂದ ಮೆಲ್ಲಗೆ ತಟ್ಟಿದ್ದಕ್ಕೇ ಮೇಲಿನ ಪದರ ಇಡೀ ಹಲಗೆಯಂತೆ ಜಾರಿ ಅವಳ ಮೊಣಕಾಲಿಗೆ ಬಂತು.

"ಆ ಸದ್ದು ಬಂದಿದ್ದು ಈ ಪುಡಿ ಕುಸಿದು. ಮೇಲಿನ ಇಳಿಜಾರು ಬೇಡ ಇವತ್ತು. ಮರಗಳ ನಡುವೆ ಇಳಿದು ಹೋಗೋಣ."

ಎಲ್ದಿಯಾರ್ ಕೋಲಿನ ಮೇಲೆ ಭಾರ ಬಿಟ್ಟು ನಿಂತಿದ್ದ. "ಅದು ನಮ್ಮ ಹುಲ್ಲಿನ ಇಳಿಜಾರು. ಹತ್ತು ವರ್ಷದೋನಿದ್ದಾಗಿಂದ ಅಲ್ಲಿ ಹುಲ್ಲು ಕೊಯ್ದಿದ್ದೀನಿ. ಎಲ್ಲಿ ಕಲ್ಲಿದೆ, ಎಲ್ಲಿ ಹಳ್ಳ ಇದೆ ಅಂತ ಕಣ್ಣು ಮುಚ್ಕೊಂಡು ಹೇಳ್ತೀನಿ."

"ಹೋದ ಬೇಸಿಗೇಲಿ ಕೊಯ್ದ್ರಾ?"

ಅವನು ಕೋಲಿನ ತುದಿಯಿಂದ ಹಿಮ ಕೆದಕಿದ.

"ಕೊಯ್ಲಿಲ್ಲ. ಆಗಸ್ಟ್ ಪೂರ್ತಿ ಪ್ರವಾಸಿಗರ ಹಿಂದೆ ಕುದುರೆ ಓಡಿಸ್ತಿದ್ರಿ. ಮೊಣಕಾಲುದ್ದದ ಹುಲ್ಲು ಹಾಗೇ ಕೆಳಮುಖ ಮಲಗಿದೆ. ಅದ್ರ ಮೇಲೆ ಹಿಮ ಏನಕ್ಕೆ ಅಂಟ್ಕೊಳುತ್ತೆ ಹೇಳಿ? ನಿಮಗೆ ಗೊತ್ತಿರೋದು ಬೇಸಿಗೆ ಇಳಿಜಾರು. ಇದು ಬೇರೇದು."

"ಅವಳು ಹೇಳೋದು ಸರಿ ಕಣೋ," ಅಂತ ನಾನು ಅನ್ನಬೇಕಿತ್ತು. ಅತಿಥಿಯಾಗಿ ಬಂದವನು ಗಂಡ ಹೆಂಡತಿಯ ಮಾತಿನ ಮಧ್ಯೆ ಹೇಗೆ ಬಾಯಿ ಹಾಕಲಿ ಅಂತ ನೆವ ಹುಡುಕಿಕೊಂಡೆ. ನಿಜ ಹೇಳಲಾ? ನನಗೂ ಆ ಇಳಿಜಾರು ಬೇಕಿತ್ತು.

"ಸಗಿನ್ ಇದಕ್ಕೋಸ್ಕರ ವರ್ಷ ಕಾಯ್ತಾನೆ," ಅಂದ ಎಲ್ದಿಯಾರ್. "ನಾನು ಮೊದ್ಲು ದಾಟ್ತೀನಿ. ಹಿಮ ತಡ್ಕೊಂಡ್ರೆ ಒಬ್ಬೊಬ್ರೇ ಬನ್ನಿ. ಆಯ್ತಾ?"

"ನಿಮ್ಮತ್ರ ಬೀಪರ್ ಇಲ್ಲ."

"ಅದಕ್ಕೇ ಬೀಳಲ್ಲ ಬಿಡು," ಅಂತ ನಕ್ಕು ಹೊರಟೇ ಬಿಟ್ಟ.

ನಾವು ಅಂಚಿನಲ್ಲಿ ನಿಂತು ನೋಡಿದೆವು. ಅವನು ಮೂವತ್ತು ಹೆಜ್ಜೆ ಹೋಗಿರಬೇಕು. ಅವನ ತಲೆಗಿಂತ ಮೇಲೆ ಹಿಮದಲ್ಲಿ ಒಂದು ಗೆರೆ ಮೂಡಿತು. ಯಾರೋ ಚಾಕುವಿನಲ್ಲಿ ಎಳೆದಂತೆ ಆ ಗೆರೆ ಇಳಿಜಾರಿನ ಈ ತುದಿಯಿಂದ ಆ ತುದಿಗೆ ಓಡಿತು. ಆಮೇಲೆ ಇಡೀ ಇಳಿಜಾರೇ ಹೊರಟಿತು.

"ಎಲ್ದಿಯಾರ್!"

ಬುರುಲ್ ಗಂಡನ ಹೆಸರು ಹಿಡಿದು ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವನು ಒಂದು ಸಲ ಮೇಲೆ ಕಂಡ, ಒಂಟಿ ಅರ್ಚಾ ಪೊದೆಯ ಪಕ್ಕ ತೋಳು ಕಂಡಿತು, ಮತ್ತೆ ಕಾಣಲಿಲ್ಲ. ಹಿಮ ಕೆಳಗಿನ ತೊರೆಯ ತಿರುವಿನಲ್ಲಿ ರಾಶಿ ಬಿದ್ದು ನಿಂತಿತು. ಸದ್ದು ಅಡಗಿತು.

ಕೈ ತಾನಾಗಿಯೇ ಎದೆಗೆ ಹೋಯಿತು. ಬೀಪರ್ ತೆಗೆದು ಹುಡುಕುವ ಕಡೆಗೆ ತಿರುಗಿಸಿದೆ. ಕುರ್ಮಾನ್ ಕೂಡ ತಿರುಗಿಸಿದ, ಬುರುಲ್ ತನ್ನದರ ಕೂಗು ನಿಲ್ಲಿಸಿದಳು. ನಾವಿಬ್ಬರೂ ಪರದೆಯನ್ನೇ ನೋಡುತ್ತಾ ಕೆಳಗೆ ಓಡಿದೆವು. ಏನೂ ಇಲ್ಲ. ಒಂದು ಚೂರು ಶಬ್ದವಿಲ್ಲ. ಕುರ್ಮಾನ್ ತನ್ನದನ್ನು ಕುಲುಕಿ ನೋಡಿದ. ಆಗ ನನಗೆ ನೆನಪಾಯಿತು. ಅವನನ್ನು ಹುಡುಕಲು ನಾನು ಹಿಡಿದು ಓಡುತ್ತಿದ್ದದ್ದು ಅವನದೇ ಬೀಪರ್. ಹಿಮದಡಿ ಎಲ್ಲೋ ಕೂಗಬೇಕಾದದ್ದು ನನ್ನ ಮುಷ್ಟಿಯಲ್ಲಿತ್ತು.

"ಅದನ್ನ ಒಳಗಿಡಿ," ಅಂದಳು ಬುರುಲ್. ಅವಳ ದನಿ ಆಸ್ಪತ್ರೆಯಲ್ಲಿ ಸೂಜಿ ಕೇಳುವಾಗಿನ ದನಿ. "ಕಣ್ಣಲ್ಲಿ ಹುಡುಕಿ. ಕೊನೇಲಿ ಕಂಡಿದ್ದು ಆ ಅರ್ಚಾ ಹತ್ರ. ಅಲ್ಲಿಂದ ನೇರ ಕೆಳಗೆ. ಕೈಗವಸು, ಕೋಲು, ಏನು ಸಿಕ್ಕಿದ್ರೂ ಹೇಳಿ. ಸಿಕ್ಕಿದ್ದನ್ನ ಕಿತ್ಕೊಂಡು ಬರಬೇಡಿ, ಅಲ್ಲೇ ಬಿಡಿ." ಅವಳು ಅರ್ಚಾ ಪೊದೆಯ ಬಳಿ ತನ್ನ ಕೋಲು ನೆಟ್ಟು, ಗಡಿಯಾರ ನೋಡಿಕೊಂಡಳು.

ಹಿಮದಡಿ ಸಿಕ್ಕವನನ್ನು ಹದಿನೈದು ನಿಮಿಷದೊಳಗೆ ತೆಗೆದರೆ ಬದುಕುವ ಆಸೆ ಇರುತ್ತದೆ. ಆಮೇಲೆ ಒಂದೊಂದು ನಿಮಿಷಕ್ಕೂ ಅದು ಕರಗುತ್ತದೆ. ಅಂಗಳದಲ್ಲಿ ಅಭ್ಯಾಸ ಮಾಡುವಾಗ ಹೂತಿಟ್ಟ ಬೀಪರನ್ನು ನಾವು ನಾಲ್ಕು ನಿಮಿಷದಲ್ಲಿ ಹುಡುಕಿ ತೆಗೆಯುತ್ತಿದ್ದೆವು.

ಆರನೇ ನಿಮಿಷಕ್ಕೆ ಕುರ್ಮಾನ್ ಕೂಗಿದ. ಸ್ಕೀ ಕೋಲಿನ ಹಿಡಿ ಹಿಮದಿಂದ ಗೇಣುದ್ದ ಹೊರಗಿತ್ತು. ಮೂವರೂ ಚುಚ್ಚುಗೋಲು ಜೋಡಿಸಿಕೊಂಡು ಹೆಗಲಿಗೆ ಹೆಗಲು ನಿಂತೆವು. ಬುರುಲ್ ಹೇಳಿದಂತೆ ಚುಚ್ಚುವುದು, ಒಂದು ಹೆಜ್ಜೆ ಮುಂದಿಡುವುದು. ಎಡಕ್ಕೆ, ನಡುವೆ, ಬಲಕ್ಕೆ, ಹೆಜ್ಜೆ. ಎಡಕ್ಕೆ, ನಡುವೆ, ಬಲಕ್ಕೆ, ಹೆಜ್ಜೆ. ಗೋಲು ಕಲ್ಲಿಗೆ ತಾಗಿದರೆ ಟಣ್ ಅನ್ನುತ್ತಿತ್ತು.

"ಎಷ್ಟಾಯ್ತಕ್ಕಾ?" ಅಂತ ಕುರ್ಮಾನ್ ಕೇಳಿದ.

"ಕೇಳ್ಬೇಡ. ಚುಚ್ಚು."

ನಾನು ಓರೆಗಣ್ಣಲ್ಲಿ ಅವಳ ಗಡಿಯಾರ ನೋಡಿದೆ. ಹದಿನಾಲ್ಕು. ಕುರ್ಮಾನ್ ಚುಚ್ಚುತ್ತಲೇ ಅಳುತ್ತಿದ್ದ, ಮೂಗಿನ ನೀರು ಗಡ್ಡದಲ್ಲಿ ಹೆಪ್ಪುಗಟ್ಟಿತ್ತು. ಬುರುಲ್ ಅಳಲಿಲ್ಲ. ಕೆಳತುಟಿ ಕಚ್ಚಿ ರಕ್ತ ಬರಿಸಿಕೊಂಡಿದ್ದಳು. ಹದಿನೇಳನೇ ನಿಮಿಷದಲ್ಲಿ ನನ್ನ ಗೋಲು ಮೆತ್ತಗೆ ನಿಂತಿತು. ಟಣ್ ಅನ್ನಲಿಲ್ಲ, ಒಳಗೂ ಹೋಗಲಿಲ್ಲ. ದಪ್ಪ ಹಾಸಿಗೆಗೆ ಚುಚ್ಚಿದ ಹಾಗಿತ್ತು.

"ಇಲ್ಲಿ," ಅಂದೆ. "ಇಲ್ಲಿ, ಇಲ್ಲಿ."

"ಗೋಲು ತೆಗೀಬೇಡಿ ಅಣ್ಣ. ಮೇಲಿಂದ ತೋಡಬೇಡಿ. ಕೆಳಗಡೆಯಿಂದ ಅಡ್ಡಕ್ಕೆ ಬನ್ನಿ."

ಕುಸಿದು ನಿಂತ ಹಿಮ ಸಿಮೆಂಟಿನಂತೆ ಗಟ್ಟಿಯಾಗಿರುತ್ತದೆ. ಕೈಯಲ್ಲಿ ಅಗೆಯುತ್ತೇನೆ ಅನ್ನುವವರು ಯಾರಾದರೂ ಇದ್ದರೆ ನನ್ನ ಹತ್ತಿರ ಬನ್ನಿ, ಬೆರಳಿನ ಉಗುರು ತೋರಿಸುತ್ತೇನೆ. ಸಲಿಕೆ ಇದ್ದದ್ದಕ್ಕೆ ನಾಲ್ಕು ನಿಮಿಷದಲ್ಲಿ ಅವನ ತಲೆ ಮುಟ್ಟಿದೆವು. ಮುಖ ನೀಲಿ. ಬಾಯಿ ತುಂಬ ಹಿಮ. ಒಂದು ತೋಳು ಮುಖಕ್ಕೆ ಅಡ್ಡ ಬಂದಿತ್ತು. ಆ ತೋಳಿನ ಸಂದಿಯಲ್ಲಿ ಮುಷ್ಟಿಯಷ್ಟು ಗಾಳಿ ಉಳಿದಿತ್ತು. ಬುರುಲ್ ಬೆರಳು ಹಾಕಿ ಬಾಯಿಯ ಹಿಮ ಕಿತ್ತು, ತನ್ನ ಬಾಯಿಟ್ಟು ಉಸಿರು ಊದಿದಳು. ಒಂದು ಸಲ. ಎರಡು ಸಲ. ಎಷ್ಟು ಸಲವೋ ನನಗೆ ಗೊತ್ತಿಲ್ಲ. ನಾನು ಹಿಮದಲ್ಲಿ ಮಂಡಿಯೂರಿ, ನನಗೆ ಬರುವ ದೇವರ ಹೆಸರನ್ನೆಲ್ಲ ಹೇಳುತ್ತಿದ್ದೆ. ಅವನು ಕೆಮ್ಮಿದ.

ಕುರ್ಮಾನ್ ಊರಿಗೆ ಇಳಿದು ಕುದುರೆ ಜಾರುಬಂಡಿ ತಂದ. ಎಲ್ದಿಯಾರ್‌ನ ತೊಡೆಯ ಮೂಳೆ ಎರಡು ಕಡೆ ಮುರಿದಿತ್ತು. ಎರಡು ತಿಂಗಳು ಆಸ್ಪತ್ರೆ. ಈಗಲೂ ಕುಂಟುತ್ತಾನೆ.

ಆದರೆ ನನ್ನನ್ನು ಮುರಿದದ್ದು ಅದಲ್ಲ. ನಾನು ರಜೆ ಬೆಳೆಸಿ ಅಲ್ಲೇ ಉಳಿದಿದ್ದೆ. ಹತ್ತನೇ ದಿನ ಅವನಿಗೆ ಚೆನ್ನಾಗಿ ಮಾತು ಬಂತು. ಮಂಚದ ಈ ಕಡೆ ನಾನು, ಆ ಕಡೆ ಬುರುಲ್, ಕಾಲ ಬಳಿ ಉಲ್ಜಾನ್ ಅಮ್ಮ. ಆ ಬೆಳಗಿನ ನೆನಪು ಅವನ ತಲೆಯಿಂದ ಪೂರ್ತಿ ಅಳಿಸಿಹೋಗಿತ್ತು. ನಾವು ನಡೆದದ್ದನ್ನು ಹೇಳಿದೆವು. ಅವನು ಹುಬ್ಬು ಗಂಟಿಕ್ಕಿ ಕೇಳಿಸಿಕೊಂಡ.

"ಇಪ್ಪತ್ತು ನಿಮಿಷ ಯಾಕಾಯ್ತು? ನನ್ನ ಬೀಪರ್ ಎಲ್ಲಿ ಹೋಗಿತ್ತು?"

ಬುರುಲ್ ನನ್ನನ್ನೇ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

"ನನ್ನತ್ರ ಇತ್ತು," ಅಂದೆ. "ನೀನು ಬಿಚ್ಚಿ ಕೊಟ್ಟೆ. ನಾನು ತಗೊಂಡೆ."

ಉಲ್ಜಾನ್ ಅಮ್ಮ ಎದ್ದು ಸೊಸೆಯ ಪಕ್ಕಕ್ಕೆ ಬಂದರು. ಆಮೇಲೆ, "ಸೊಸೆ ಬಾಯಿ ಮುಚ್ಚಿಸಿದ್ದು ನಾನು. ಕಣ್ಣಲ್ಲೇ ಮುಚ್ಚಿಸ್ದೆ," ಅಂದರು. ಬುರುಲ್ ಕೈ ಹಿಡಿದುಕೊಂಡು, "ಇನ್ಮೇಲೆ ನೀನು ಹೇಳು ತಾಯಿ. ಅತಿಥಿ ಇರ್ಲಿ, ನಾನಿರ್ಲಿ, ಜೋರಾಗಿ ಹೇಳು," ಅಂದರು.

ಈ ಚಳಿಗಾಲ ಮತ್ತೆ ಬಂದೆ. ಹೊಸ ಬೀಪರ್, ಹೊಸ ಬ್ಯಾಟರಿ. ಹೊರಡುವ ಹೊತ್ತಿಗೆ ನೋಡಿದರೆ ಉಲ್ಜಾನ್ ಅಮ್ಮ ಹೊಸಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಕೈಯಲ್ಲಿ ಬುರುಲ್‌ಳ ಬೀಪರ್, ಹುಡುಕುವ ಕಡೆಗೆ ತಿರುಗಿಸಿ, ತೀರ ಹತ್ತಿರದ್ದಕ್ಕಷ್ಟೇ ಬೀಪ್ ಅನ್ನುವಂತೆ ಹೊಂದಿಸಿದ್ದು. ಒಬ್ಬೊಬ್ಬರೇ ಅವರ ಮುಂದೆ ಹಾದು ಅಂಗಳಕ್ಕೆ ಇಳಿಯಬೇಕು. ಅದು ಬೀಪ್ ಅಂದರೆ ಹೋಗಬಹುದು. ಕೊನೆಗೆ ಬುರುಲ್ ತನ್ನದನ್ನು ವಾಪಸ್ ತಗೊಂಡು, ಅಮ್ಮನ ಎದುರೇ ಕೂಗುವ ಕಡೆಗೆ ತಿರುಗಿಸಿ ಎದೆಗೆ ಕಟ್ಟಿಕೊಳ್ಳಬೇಕು. ಅಲ್ಲಿಯವರೆಗೆ ಅಮ್ಮ ಹರಕೆಗೆ ಅಂಗೈ ಬಿಡಿಸುವುದೇ ಇಲ್ಲ.

"ಕಿವಿ ಕೇಳ್ಸುತ್ತಾ ಅಜ್ಜಿ?" ಅಂತ ಕುರ್ಮಾನ್ ಕೆಣಕಿದ.

"ನಿನ್ನ ಬಾಯಿ ಮುಚ್ಚಿದ್ರೆ ಎಲ್ಲಾ ಕೇಳ್ಸುತ್ತೆ. ನಡಿ."

ಅವತ್ತು ಕುರ್ಮಾನ್‌ನ ಭಾವ ನರೀನ್ ಪಟ್ಟಣದಿಂದ ಬಂದಿದ್ದ, ಟೋಕ್ಟೋಸುನ್ ಅಂತ. ಒಳ್ಳೆಯ ಸ್ಕೀಗಾರ. ಅವನು ಹಾದುಹೋದ. ಪೆಟ್ಟಿಗೆ ಸುಮ್ಮನಿತ್ತು. ಅಮ್ಮ ಮತ್ತೊಮ್ಮೆ ನಡೆಸಿದರು. ಸುಮ್ಮನೆ.

"ಬೀಪರ್ ತಂದಿಲ್ಲ," ಅಂತ ಅವನು ತಲೆ ಕೆರೆದುಕೊಂಡ. "ಒಂದ್ ದಿನ ತಾನೇ."

ಎಲ್ಲರ ಕಣ್ಣೂ ಎಲ್ದಿಯಾರ್ ಮೇಲೆ ಹೋಯಿತು. ಕಾಲು ಕೂಡಿದ ಮೇಲೆ ಅವನು ಮೊದಲ ಸಲ ಬೆಟ್ಟಕ್ಕೆ ಹೊರಟಿದ್ದ ದಿನ ಅದು. ಒಂದು ವರ್ಷ ಅದಕ್ಕೇ ಕಾದಿದ್ದ. ಅವನ ಕೈ ಅಂಗಿಯ ಗುಂಡಿಗೆ ಹೋಯಿತು. ಹುಟ್ಟಿನಿಂದ ಬಂದ ಅಭ್ಯಾಸ, ಎಲ್ಲಿಗೆ ಹೋಗುತ್ತದೆ? ಬುರುಲ್ "ರೀ" ಅಂದಳು, ಜೋರಾಗಿಯೇ. ಅಮ್ಮ ಅವಳನ್ನು ತಡೆಯಲಿಲ್ಲ.

ಎಲ್ದಿಯಾರ್ ಗುಂಡಿ ಬಿಟ್ಟ. ಹೊಸಿಲ ಮೇಲೆ ಕೂತು ಬೂಟಿನ ಪಟ್ಟಿ ಸಡಿಲಿಸತೊಡಗಿದ.

"ಅಮ್ಮ, ಚಹಾ ಇಡು. ನಾನೂ ಇವ್ರೂ ಇವತ್ತು ಮನೇಲಿರ್ತೀವಿ."

"ಅಯ್ಯೋ, ನನ್ನಿಂದ ನೀವ್ಯಾಕೆ," ಅಂತ ಟೋಕ್ಟೋಸುನ್ ಕೆಂಪಗಾದ.

"ನಾಚ್ಕೋಬೇಡಿ. ಅತಿಥೀನ ಒಬ್ರನ್ನೇ ಬಿಟ್ಟು ಹೋಗಲ್ಲ ನಾನು. ಅತಿಥಿಗೋಸ್ಕರ ಸಾಯೋದೂ ಇಲ್ಲ. ಬನ್ನಿ ಒಳಗೆ."

ಆಮೇಲೆ ನಾವು ಯಾರೂ ಹೋಗಲಿಲ್ಲ. ಐವರೂ ಒಲೆ ಸುತ್ತ ಕೂತು, ಕುರ್ಮಾನ್‌ನ ಸುಳ್ಳುಗಳನ್ನು ಕೇಳುತ್ತಾ, ಅಮ್ಮನ ಬೋರ್ಸೋಕ್ ಖಾಲಿ ಮಾಡಿದೆವು. ಬೆಟ್ಟ ಕಿಟಕಿಯಾಚೆ ಹಾಗೇ ಇತ್ತು. ಮರುದಿನವೂ ಇರುತ್ತದೆ.

ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಇವತ್ತು ಮನೆಗೆ ಹೋದ ತಕ್ಷಣ ಬೀಪರ್‌ನ ಹಿಂದಿನ ಮುಚ್ಚಳ ತೆಗೆದು ನೋಡಿ. ವಸಂತ ಬಂದಾಗ ಬ್ಯಾಟರಿ ಹೊರಗೆ ತೆಗೆದಿಡಿ. ಬೆಟ್ಟಕ್ಕೆ ಹೊರಡುವ ಪ್ರತಿಯೊಬ್ಬರ ಮೈಮೇಲೆ ಬೀಪರ್, ಚೀಲದಲ್ಲಿ ಸಲಿಕೆ, ಚುಚ್ಚುಗೋಲು ಇರಲಿ. ನಾಲ್ಕು ಜನಕ್ಕೆ ಮೂರು ಇದ್ದರೆ ನಾಲ್ವರೂ ಮನೆಯಲ್ಲಿರಿ. ಕಾಲಡಿ "ದುಮ್" ಅಂದರೆ ತಿರುಗಿ ಬನ್ನಿ. ಗುಂಪಿನಲ್ಲಿ ಒಬ್ಬರು ಬೇಡ ಅಂದರೆ, ಅವರು ಸೊಸೆಯಾಗಿರಲಿ, ಎಲ್ಲರಿಗಿಂತ ಚಿಕ್ಕವರಾಗಿರಲಿ, ಅವತ್ತಿಗೆ ಅಲ್ಲಿಗೇ ಮುಗಿಯಿತು.

ಬೂಟು ಕೊಡಿ, ಕೈಗವಸು ಕೊಡಿ, ಹಾಸಿಗೆ ಕೊಡಿ. ಎದೆಯ ಮೇಲಿನ ಬೀಪರ್ ಮಾತ್ರ ಬಿಚ್ಚಿ ಕೊಡಬೇಡಿ. ನೀವೇ ಅತಿಥಿಯಾಗಿದ್ದು, ಯಾರಾದರೂ ಪ್ರೀತಿಯಿಂದ ಬಿಚ್ಚಿ ಕೊಟ್ಟರೆ ಬೇಡ ಅನ್ನಿ. ಎರಡನೇ ಸಲವೂ ಅನ್ನಿ. ನಾನು ಒಂದೇ ಸಲ ಅಂದಿದ್ದೆ.